‘ಸಂಚಕಾರ ಹಾಕ್ರಿ’ ಅಂದರೆ ಹೆದರಬೇಕಾ?

ಗೆಳೆಯರೇ,

ಹೋದ ತಿಂಗಳು ಒಂದು ಹಳೇ ಕಾರು ಕೊಂಡೆ. ಕಾರು ಇದ್ದದ್ದು ಹುಬ್ಬಳ್ಳಿಯ ಒಬ್ಬ ಡೀಲರ್ ಹತ್ತಿರ, ನಾನಿರುವುದು ಬೆಂಗಳೂರಿನ ಹನುಮಂತನಗರದಲ್ಲಿ. ನಡುವೆ 400 ಕಿಲೋಮೀಟರಿಗೂ ಜಾಸ್ತಿ ದಾರಿ. ಇಲ್ಲಿ ಅದೇ ಗಾಡಿಗೆ 80,000 ಹೆಚ್ಚು ಹೇಳುತ್ತಿದ್ದರು, ಅದಕ್ಕೇ ಅಷ್ಟು ದೂರ ಕೈಚಾಚಿದ್ದು. ಮುಕ್ಕಾಲು ಪಾಲು ವ್ಯಾಪಾರ ಫೋನಿನಲ್ಲೇ ನಡೆಯಿತು. ಆಗ ಕಿವಿಗೆ ಬಿದ್ದ ಒಂದು ಪದ ಇನ್ನೂ ತಲೆಯೊಳಗೆ ಕೂತಿದೆ. ಅದನ್ನು ನಿಮ್ಮ ಮುಂದೆ ಇಡೋಣ ಅಂತ ಬರೆಯುತ್ತಿದ್ದೇನೆ.

ಮೂರನೇ ಸಲವೋ ನಾಲ್ಕನೇ ಸಲವೋ ಮಾತಾಡುವಾಗ ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಆ ಕಡೆಯಿಂದ ಡೀಲರ್ ಹೇಳಿದರು: “ಸರ, ಈ ಗಾಡಿ ಮ್ಯಾಲೆ ಇನ್ನೂ ಇಬ್ಬರು ಗಿರಾಕಿ ಕಣ್ಣಿಟ್ಟಾರ್ರಿ. ನೀವು ಒಂದು ಹತ್ತು ಸಾವಿರ ಸಂಚಕಾರ ಹಾಕಿಬಿಡ್ರಿ. ಆಮ್ಯಾಲೆ ನಾ ಯಾರಿಗೂ ತೋರಸಂಗಿಲ್ಲ.”

ಅಮ್ಮನ ಕೈ ಅಲ್ಲೇ ನಿಂತಿತು. “ಏನೋ ಅದು? ಗಾಡಿ ಮನೆಗೆ ಬರೋಕ್ಮುಂಚೆನೇ ಸಂಚಕಾರ ಅಂತಾನಲ್ಲೋ ಅವನು! ಬೇಡಪ್ಪಾ, ಆ ಗಾಡಿ ಸಹವಾಸ ಬಿಟ್ಟುಬಿಡು.”

ಫೋನ್ ಇಟ್ಟಮೇಲೆ ಅವಳಿಗೆ ಸಮಾಧಾನ ಹೇಳಿದೆ. ಅವರು ಕೇಳಿದ್ದು ಅಡ್ವಾನ್ಸ್ ಅಷ್ಟೇ, ಶಾಪ ಏನೂ ಹಾಕಿಲ್ಲ ಅಂತ. ಆದರೆ ನಿಜ ಹೇಳಬೇಕೆಂದರೆ ನನ್ನ ಎದೆಯೂ ಒಂದು ಕ್ಷಣ ಧಸಕ್ ಅಂದಿತ್ತು. ನಮ್ಮ ಕಡೆ ಸಂಚಕಾರ ಅಂದರೆ ಒಂದೇ ಅರ್ಥ. ‘ಜೀವಕ್ಕೆ ಸಂಚಕಾರ ತಂದ ರಸ್ತೆಗುಂಡಿ’, ‘ಅಂತರ್ಜಲಕ್ಕೆ ಸಂಚಕಾರ’ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು. ಕೇಡು, ಕುತ್ತು, ಗಂಡಾಂತರ. ಹತ್ತು ಸಾವಿರ ಕೊಟ್ಟು ಯಾರಾದರೂ ಕುತ್ತು ಕೊಂಡುಕೊಳ್ಳುತ್ತಾರಾ?

ಪದದ ಹಿಂದೆ ಹೋದರೆ ಹುಬ್ಬಳ್ಳಿಯವರ ಮಾತೇ ಮೂಲದ ಮಾತು. ಸಂಸ್ಕೃತದ ‘ಸತ್ಯಂಕಾರ’ ನಮ್ಮಲ್ಲಿ ಸಂಚಕಾರ ಆಗಿದೆ. ‘ತ್ಯ’ ಇದ್ದಲ್ಲಿ ‘ಚ’ ಬರುವುದು ನಮಗೆ ಹೊಸದಲ್ಲ, ನಿತ್ಯ ಹೋಗಿ ನಿಚ್ಚ ಆಗಿಲ್ಲವೇ? ಸತ್ಯಂಕಾರ ಅಂದರೆ ನಿಜ ಮಾಡುವುದು. ಆಡಿದ ಮಾತು ನಿಜ, ವ್ಯಾಪಾರ ಖಂಡಿತ ಅಂತ ತೋರಿಸೋದಕ್ಕೆ ಮೊದಲೇ ಕೈಗೆ ಇಡುವ ದುಡ್ಡೋ ಒಡವೆಯೋ ಅದು. ತೆಲುಗಿನಲ್ಲಿ ಇದು ಸಂಚಕರುವು. ತಮಿಳು, ಮಲಯಾಳಗಳಲ್ಲಿ ಅಚ್ಚಾರಂ. ನಮ್ಮ ಮೇಲಿನ ಮನೆಯ ತಮಿಳು ಅಜ್ಜಿಗೆ ಈ ಕಥೆ ಹೇಳಿದರೆ, “ಅಚ್ಚಾರಂ ಕೊಡದೆ ಯಾರು ಗಾಡಿ ಹಿಡಿದಿಡ್ತಾರೆ?” ಅಂದುಬಿಟ್ಟರು. ಅವರಿಗೆ ಅದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಅಂದರೆ ಅಕ್ಕಪಕ್ಕದ ಮನೆಗಳಲ್ಲಿ ಪದ ಇನ್ನೂ ದುಡ್ಡಿನ ಪದವಾಗಿಯೇ ಇದೆ. ಉತ್ತರ ಕರ್ನಾಟಕದಲ್ಲಿ ಹೊಲ, ಮನೆ ಮಾರುವಾಗ ಬರೆದುಕೊಳ್ಳುವ ಕರಾರಿಗೆ ಈಗಲೂ ಸಂಚಕಾರ ಪತ್ರ ಅನ್ನುತ್ತಾರೆ. ಹಳೇ ಮೈಸೂರಿನ ನಾವು ಮಾತ್ರ ದುಡ್ಡು ಬಿಟ್ಟು ಭಯ ಒಂದನ್ನೇ ಇಟ್ಟುಕೊಂಡಿದ್ದೇವೆ.

ಇದು ಹೇಗಾಯಿತು ಅನ್ನೋದೇ ನನ್ನ ಮುಖ್ಯ ಪ್ರಶ್ನೆ. ನನ್ನ ಊಹೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ‘ಪ್ರಾಣಕ್ಕೆ ಸಂಚಕಾರ ಬಂತು’ ಅನ್ನುವ ಮಾತನ್ನು ಬಿಡಿಸಿ ನೋಡಿ. ‘ಗಾಡಿಗೆ ಸಂಚಕಾರ ಕೊಟ್ಟೆ’, ‘ಹೊಲಕ್ಕೆ ಸಂಚಕಾರ ಕೊಟ್ಟೆ’ ಅನ್ನುವಾಗ ಇರುವ ಅದೇ ಗೆ, ಕ್ಕೆ ಇಲ್ಲೂ ಇದೆ. ಕೊಳ್ಳುವ ವಸ್ತು ಇರಬೇಕಾದ ಜಾಗದಲ್ಲಿ ಪ್ರಾಣ ಕೂತಿದೆ. ಅಂದರೆ ಯಮನೋ ವಿಧಿಯೋ ಈ ಜೀವದ ಮೇಲೆ ಮೊದಲೇ ಮುಂಗಡ ಇಟ್ಟಾಯಿತು. ಮಾಲು ಇನ್ನೂ ಕೈಬದಲಾಗಿಲ್ಲ, ಆದರೆ ವ್ಯಾಪಾರ ಮುಗಿದಿದೆ. ಬಂದು ಒಯ್ಯೋದಷ್ಟೇ ಬಾಕಿ. ಅದಕ್ಕೇ ‘ಸಂಚಕಾರ ಬಂತು’ ಅಂದರೆ ಸತ್ತ ಅಂತಲ್ಲ, ಸಾವು ಗಟ್ಟಿಯಾಯಿತು ಅಂತ. ಮೊದಲು ಯಾರೋ ಚಮತ್ಕಾರವಾಗಿ ಆಡಿದ ಮಾತಿರಬೇಕು. ಆಮೇಲೆ ದುಡ್ಡಿನ ಅರ್ಥ ಮರೆತುಹೋಗಿ ಚಮತ್ಕಾರವೇ ಅರ್ಥವಾಯಿತು. ಈಗಂತೂ ಪ್ರಾಣ ಬೇಕಿಲ್ಲ. ಕೆರೆಗೆ, ಕೆಲಸಕ್ಕೆ, ಸರ್ಕಾರಕ್ಕೆ, ಎಲ್ಲಕ್ಕೂ ಸಂಚಕಾರ ಬರುತ್ತದೆ.

ಇದು ಹಳೇ ಕಾಲದವರ ಬುದ್ಧಿ ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರಿನ ಹುಡುಗರು ಯಾರಾದರೂ ಸತ್ತರೆ ‘ಟಿಕೆಟ್ ತಗೊಂಡ’ ಅನ್ನುತ್ತಾರಲ್ಲ? ಹೋಗೋದಕ್ಕೆ ಮುಂಚೆ ಬುಕಿಂಗ್ ಆಗಬೇಕು ಅನ್ನುವ ಅದೇ ಲೆಕ್ಕ. ಪದ ಬೇರೆ, ತಮಾಷೆ ಅದೇ.

ಇನ್ನು ಬೆಂಗಳೂರಿನಲ್ಲಿ ಈ ದುಡ್ಡಿಗೆ ಏನನ್ನುತ್ತೇವೆ ಅಂತ ಯೋಚಿಸಿದರೆ ತಲೆ ಕೆಡುತ್ತದೆ. ಎಲ್ಲಕ್ಕೂ ಅಡ್ವಾನ್ಸ್. ಬಾಡಿಗೆ ಮನೆಗೆ ಕೊಡುವ ಹತ್ತು ತಿಂಗಳ ಗಂಟೂ ಅಡ್ವಾನ್ಸೇ, ಅದು ಮನೆ ಬಿಡುವಾಗ ಪೇಂಟಿಂಗ್ ಖರ್ಚು ಮುರಿದು ವಾಪಸ್ ಬರುವ ದುಡ್ಡು. ಛತ್ರಕ್ಕೆ ಕೊಡೋದೂ ಅಡ್ವಾನ್ಸೇ, ಅದು ಬಾಡಿಗೆಯಲ್ಲಿ ಸೇರಿಹೋಗುತ್ತದೆ. ಗಾಡಿ ವ್ಯಾಪಾರದವರು ಟೋಕನ್ ಅನ್ನುತ್ತಾರೆ, ಹೊಸ ಗಾಡಿಯ ಶೋರೂಮಿನವರು ಬುಕಿಂಗ್ ಅಮೌಂಟ್. ಶಿವಾಜಿನಗರದ ನಮ್ಮ ಮೆಕ್ಯಾನಿಕ್ ಭಾಯಿಗೆ ಅದು ಉರ್ದುವಿನ ಬಯಾನಾ. ಬರವಣಿಗೆಯ ಕನ್ನಡದಲ್ಲಿ ಮುಂಗಡ ಇದೆ, ಒಳ್ಳೇ ಪದವೇ. ಆದರೆ ಮುಂಗಡ ಹೇಳುವುದು ದುಡ್ಡು ಯಾವಾಗ ಕೊಟ್ಟಿರಿ ಅನ್ನೋದನ್ನು ಮಾತ್ರ. ಸಂಚಕಾರ ಯಾಕೆ ಕೊಟ್ಟಿರಿ ಅಂತಲೂ ಹೇಳುತ್ತದೆ. ಬೆಲೆಯ ಒಂದು ತುಂಡು ಬೇರೆ, ಮಾತಿಗೆ ಕಟ್ಟಿದ ಗಂಟು ಬೇರೆ, ಅಲ್ವಾ?

ಆ ಗಂಟು ಎರಡೂ ಕಡೆ ಬಿಗಿಯುತ್ತಿತ್ತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸತ್ಯಂಕಾರವಾಗಿ ಕೊಟ್ಟ ದ್ರವ್ಯವನ್ನು ಎರಡರಷ್ಟು ಮಾಡಿ ಹಿಂದಿರುಗಿಸಬೇಕು ಅಂತ ಒಂದು ಸಾಲಿದೆ. ಅದಕ್ಕೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಇದ್ದವನು. ಅವನು ಇದನ್ನು ಬಿಡಿಸಿ ಹೇಳುತ್ತಾನೆ. ಕೊಳ್ಳೋದು ಮಾರೋದು ಮಾತಾದಮೇಲೆ ಒಂದು ಉಂಗುರವನ್ನೋ ಇನ್ನೇನನ್ನೋ ಕೊಟ್ಟಿರುತ್ತಾರೆ. ಕೊಟ್ಟವನೇ ಮಾತು ತಪ್ಪಿದರೆ ಅದು ಹೋಯಿತು. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಕೊಡಬೇಕು.

ಓದಿಕೊಂಡವನಿಗೆ ಬಾಯಿ ಸುಮ್ನೆ ಇರುತ್ತಾ? ದುಡ್ಡು ಹಾಕುವ ಮುಂಚೆ ಡೀಲರಿಗೆ ಕೇಳಿದೆ, ನಾನು ಬರದೇ ಹೋದರೆ? “ಅದು ನಮ್ಮದಾತ್ರಿ.” ನೀವೇ ಬೇರೆಯವರಿಗೆ ಮಾರಿದರೆ? “ನಿಮ್ಮ ರೊಕ್ಕ ಹೊಳ್ಳಿ ಕೊಡ್ತೇವ್ರಿ.” ಎರಡರಷ್ಟು ಕೊಡಬೇಕು ಸಾರ್, ನಿಮ್ಮ ಕಲ್ಯಾಣದ ವಿಜ್ಞಾನೇಶ್ವರನೇ ಬರೆದಿದ್ದಾನೆ ಅಂದೆ. ಒಂದು ಗಳಿಗೆ ಸುಮ್ಮನಿದ್ದು ಜೋರಾಗಿ ನಕ್ಕರು. “ಅವ್ರು ಸೆಕೆಂಡ್ ಹ್ಯಾಂಡ್ ಗಾಡಿ ಧಂದೆ ಮಾಡಿಲ್ಲ ಬಿಡ್ರಿ ಸರ.” ಆದರೂ ಆ ನಗುವಿನಲ್ಲೇ ಒಂದು ಕೆಲಸ ಆಯಿತು. ಬಂದು ನೋಡಿದಾಗ ಹೇಳಿದಂತೆ ಗಾಡಿ ಇಲ್ಲದಿದ್ದರೆ ಹತ್ತು ಸಾವಿರವೂ ವಾಪಸ್ ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿದರು. ದೂರದಿಂದ ಗಾಡಿ ಕೊಳ್ಳುವವರು ಇದನ್ನು ಖಂಡಿತ ಬರೆಸಿಕೊಳ್ಳಿ. ಬಾಯಿಮಾತು ತುಮಕೂರು ದಾಟುವ ಹೊತ್ತಿಗೆ ಕರಗಿಹೋಗಿರುತ್ತದೆ.

ಎರಡನೇ ಪದ ಚೌಕಾಸಿ. “ಇನ್ನೂ ಸ್ವಲ್ಪ ಚೌಕಾಸಿ ಮಾಡ್ಬೇಕು ಸಾರ್” ಅಂದೆ, ಬೆಲೆ ಇಳಿಸಿ ಅನ್ನೋ ಅರ್ಥದಲ್ಲಿ. ಅವರು ಬಹಳ ಗಂಭೀರವಾಗಿ, “ಮಾಡ್ರಿ ಸರ, ಚೌಕಶಿ ಮಾಡ್ಲಿಕ್ಕೇ ಬೇಕು. ಆರ್‌ಟಿಒದಾಗೂ ಕೇಳ್ರಿ, ಸರ್ವಿಸ್ ಮಾಡಿಸಿದಲ್ಲೂ ಕೇಳ್ರಿ” ಅಂದರು. ನಾನು ಕೊಸರಾಡುತ್ತೇನೆ ಅಂದರೆ ಅವರು ವಿಚಾರಿಸುತ್ತೇನೆ ಅಂತ ತಿಳಿದರು! ಮರಾಠಿಯಲ್ಲಿ ಚೌಕಶಿ ಅಂದರೆ ವಿಚಾರಣೆ. ಹಿಂದಿಯ ಚೌಕಸಿ ಎಚ್ಚರ, ಕಾವಲು. ಬೆಂಗಳೂರಿಗೆ ಬರುವಷ್ಟರಲ್ಲಿ ಅದು ಕೆ.ಆರ್. ಮಾರ್ಕೆಟ್ಟಿನ ಬೆಲೆಜಗ್ಗಾಟ ಆಗಿದೆ.

ಆದರೆ ಆ ವಾರ ನನಗೆ ಎರಡೂ ಅರ್ಥ ಒಂದೇ ಆಗಿ ಕಂಡವು. ಎದುರಿಗಿದ್ದರೆ ಮುಖ ನೋಡಿ ಜಗ್ಗಬಹುದು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ, ಬೆರಳಿನ ಬಿಗಿಯಲ್ಲೇ ಎದುರಿನವನ ಮನಸ್ಸು ಗೊತ್ತಾಗುತ್ತದೆ. ಫೋನಿನಲ್ಲಿ ಹಿಡಿಯೋದಕ್ಕೆ ಬೆರಳೇ ಇಲ್ಲ. ಅಲ್ಲಿ ವಿಚಾರಿಸಿದಷ್ಟೂ ಬೆಲೆ ಇಳಿಯುತ್ತದೆ. ಒಂದು ಸಂಜೆ ವಿಡಿಯೋ ಕಾಲ್ ಮಾಡಿದೆ. ಅಂಗಡಿಯ ಹುಡುಗ ಮೊಬೈಲ್ ಹಿಡಿದು ಗಾಡಿ ಸುತ್ತಿದ. ಬಾಗಿಲು ತೆಗೆದು ರಬ್ಬರ್ ಎಳೆದು ತೋರಿಸಿದ, ಬಾನೆಟ್ ಎತ್ತಿದ. ಟೈರ್ ಹತ್ತಿರ ಹೋಗು, ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದು ಅಂದೆ. ಕೂತು, ಹೆಬ್ಬೆರಳಿನಿಂದ ಧೂಳು ಒರೆಸಿ ಓದಿದ: “2319 ಐತ್ರಿ.” 2019ರ 23ನೇ ವಾರದಲ್ಲಿ ಮಾಡಿದ ಟೈರ್ ಅಂತ ಅದರ ಅರ್ಥ. ನಾಲ್ಕೂ ಅವೇ. ‘ಟೈರ್ ಮೊನ್ನೆ ಹಾಕಿಸಿದ್ದು’ ಅಂತ ಹಿಂದಿನ ದಿನ ಹೇಳಿದ್ದ ಡೀಲರ್ ಆ ರಾತ್ರಿಯೇ 12,000 ಇಳಿಸಿದರು. ಇದಕ್ಕೆ ಚೌಕಾಸಿ ಅನ್ನಲೋ ಚೌಕಶಿ ಅನ್ನಲೋ, ನೀವೇ ಹೇಳಿ.

‘ಪಾಸಿಂಗ್’ ಅನ್ನುವುದೂ ನಮ್ಮ ಕಡೆ ಇಲ್ಲದ ಬಳಕೆ. ಧಾರವಾಡ ಪಾಸಿಂಗ್ ಗಾಡಿ ಅಂದರೆ ಕೆಎ 25 ನಂಬರಿನದು. ನಾವು ಸುಮ್ನೆ ರಿಜಿಸ್ಟ್ರೇಷನ್ ಅನ್ನುತ್ತೇವೆ. ಒಂದೇ ರಾಜ್ಯವಾದ್ದರಿಂದ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟುವ ತಲೆನೋವು ಇಲ್ಲ, ಫಾರ್ಮ್ 29, 30ಕ್ಕೆ ಸಹಿ ಹಾಕಿ ಹೆಸರು ಬದಲಾಯಿಸಿಕೊಂಡರೆ ಆಯಿತು.

ಅರ್ಥ ಗೊತ್ತಿದ್ದೂ ಮೋಸ ಹೋಗುವ ಮಾತು ಅಂದರೆ ‘ಕುಂತು ಮಾತಾಡೋಣು ಬರ್ರಿ’. ಬೆಂಗಳೂರಿನಲ್ಲೂ ‘ಬನ್ನಿ ಸಾರ್, ಕೂತು ಮಾತಾಡೋಣ’ ಇದೆ. ಬೆಲೆ ಇಳಿಯುತ್ತದೆ, ಆದರೆ ಈಗ ಹೇಳಲ್ಲ ಅಂತ ಅದರ ಒಳಗುಟ್ಟು. ಜಯನಗರದ ಅಂಗಡಿಯಾದರೆ ಕೂತು ಮಾತಾಡಿ ಎದ್ದು ಬರಬಹುದು. ರಾತ್ರಿ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋದವನು ಅಷ್ಟು ಸುಲಭವಾಗಿ ಏಳುವುದಿಲ್ಲ. ಅದು ಅವರಿಗೂ ಗೊತ್ತು. ನಾನು ಕೂರಲ್ಲ, ನಿಂತೇ ಮಾತಾಡ್ತೀನಿ, ಕಡೇ ರೇಟು ಈಗಲೇ ಬರೆದು ಕಳಿಸಿ ಅಂದೆ. ಕಳಿಸಿದರು.

ಕೊನೆಗೆ ಕೊಸರು. ಸೊಪ್ಪಿನವಳ ಹತ್ತಿರ ಎರಡು ಕಟ್ಟು ತೆಗೆದುಕೊಂಡಮೇಲೆ ಅಮ್ಮ ಮೇಲೊಂದು ಎಸಳು ಕರಿಬೇವು ಕೇಳುತ್ತಾಳಲ್ಲ, ಅದು ಕೊಸರು. ಅಳತೆ ಮುಗಿದಮೇಲೆ ಮೇಲಿಂದ ಬೀಳುವುದು. ಶೋರೂಮಿನವರ ‘ಫ್ರೀ ಆಕ್ಸೆಸರಿ’ಗೆ ಇದಕ್ಕಿಂತ ಒಳ್ಳೇ ಕನ್ನಡ ಎಲ್ಲಿದೆ? ಗಾಡಿ ತರಲು ಹೋದ ದಿನ ಫ್ಲೋರ್ ಮ್ಯಾಟ್ ಕೇಳಿದೆ, ಕೊಟ್ಟರು. ಸೀಟ್ ಕವರ್ ಕೇಳಿದೆ, ಕೊಡಲಿಲ್ಲ. ಹೊರಡುವಾಗ ಕಿಟಕಿಯಿಂದ ಅರ್ಧ ಕೆಜಿ ಧಾರವಾಡ ಪೇಡೆಯ ಡಬ್ಬಿ ಇಟ್ಟು, “ಅವ್ವಾರಿಗೆ ಕೊಡ್ರಿ, ಸಂಚಕಾರ ಅಂದಿದ್ದಕ್ಕ ಅಂಜ್ಯಾರಂತಲ್ಲ” ಅಂದರು. ನಾನೇ ಫೋನಿನಲ್ಲಿ ಹೇಳಿ ಮರೆತಿದ್ದೆ. ಅಮ್ಮ ಪೇಡೆ ತಿಂದಳು. ಗಾಡಿ ಚಕ್ರಕ್ಕೆ ಮಾತ್ರ ಎರಡರ ಬದಲು ನಾಲ್ಕು ನಿಂಬೆಹಣ್ಣು ಇಡಿಸಿದಳು.

ಈಗ ನಿಮ್ಮಿಂದ ನನಗೆ ಬೇಕಾಗಿರುವುದು ಇಷ್ಟು. ಸಂಚಕಾರ ಅನ್ನುವ ಪದ ದುಡ್ಡಿನ ಅರ್ಥದಲ್ಲಿ ಎಲ್ಲಿಯವರೆಗೆ ಜೀವಂತ ಇದೆ? ದಾವಣಗೆರೆ, ಚಿತ್ರದುರ್ಗದ ಕಡೆಯವರು ಬರೆದರೆ ಒಳ್ಳೇದು, ಗೆರೆ ಅಲ್ಲೆಲ್ಲೋ ಹಾದುಹೋಗಿರಬೇಕು ಅಂತ ನನ್ನ ಅನುಮಾನ. ಕರಾವಳಿಯಲ್ಲಿ ದೋಣಿಗೋ ತೋಟಕ್ಕೋ ಮೊದಲೇ ಕೊಡುವ ದುಡ್ಡಿಗೆ ಏನಂತೀರಿ? ‘ಸಂಚಕಾರ ಕೊಟ್ಟೆ’ ಮತ್ತು ‘ಸಂಚಕಾರ ಬಂತು’ ಎರಡನ್ನೂ ಒಂದೇ ಬಾಯಲ್ಲಿ ಆಡುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ, ಆಡುವಾಗ ಒಂದು ಇನ್ನೊಂದನ್ನು ನೆನಪಿಸುತ್ತದಾ? ಹಾಗೇ, ಕೊಸರು ಮತ್ತು ಕೊಸರಾಡು ಒಂದೇ ಬೇರಿನವಾ, ಬೇರೆಬೇರೆಯಾ? ಕೈ ಬಿಡಿಸಿಕೊಳ್ಳುವವನೂ ಕೊಸರಾಡುತ್ತಾನೆ, ಬೆಲೆ ಇಳಿಸುವವನೂ ಕೊಸರಾಡುತ್ತಾನೆ. ಕರಿಬೇವಿನ ಎಸಳು ಇದರಲ್ಲಿ ಎಲ್ಲಿಂದ ಬಂತು?