ಅಪ್‌ಡೇಟ್: ಅನುವಾದದ ಹಕ್ಕು ನನ್ನಲ್ಲೇ ಉಳಿಯಿತು

ಮೊದಲ ಕವನ ಸಂಕಲನದ ಒಪ್ಪಂದಕ್ಕೆ ಸಹಿ ಹಾಕಬಹುದೇ ಎಂದು ಕೇಳಿದ್ದೆ. ಸಣ್ಣ ಪ್ರಕಾಶನ, ಎಲ್ಲ ಹಕ್ಕುಗಳನ್ನೂ ಬರೆದುಕೊಡಿ ಎಂದಿತ್ತು, ಅವಧಿಯ ಮಾತೇ ಇರಲಿಲ್ಲ. ದಾರಿ ತೋರಿದ ಹಿರಿಯರಿಗೆಲ್ಲ ನಮಸ್ಕಾರ.

ನೀವು ಹೇಳಿದಂತೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಓದಿದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವೆಂದೇ ಲೆಕ್ಕ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತ. ಇದನ್ನು ಮುಂದಿಟ್ಟಾಗ ಪ್ರಕಾಶಕರು ಸಿಡುಕಲಿಲ್ಲ. ಮೊದಲ ಮುದ್ರಣದ ಹಕ್ಕು ಅವರಿಗೆ, ಅನುವಾದದ ಹಕ್ಕು ನನಗೆ ಎಂದು ತಿದ್ದಿದರು. ಮುಂಬಯಿಯಲ್ಲಿ ಬರೆಯುವವಳಿಗೆ ಇದು ಸಣ್ಣ ಮಾತಲ್ಲ. ನನ್ನ ಗೆಳತಿಯರಲ್ಲಿ ಮರಾಠಿ ಕವಯಿತ್ರಿಯರಿದ್ದಾರೆ. ನಾಳೆ ಅವರಲ್ಲೊಬ್ಬರು ಅನುವಾದಿಸುತ್ತೇನೆಂದರೆ ನಾನು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಕೇಳಿದ್ದ ಹಣವನ್ನೂ ಬಿಟ್ಟರು. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಆ ಸಂಖ್ಯೆಯನ್ನು ಉಚಿತವಾಗಿಯೇ ಕೊಡುತ್ತದೆ.

ಬಿಡುಗಡೆ ಬೆಂಗಳೂರಿನಲ್ಲಾಗಲಿ ಎಂಬುದು ಅವರ ಆಸೆ. ಇಲ್ಲಿನ ಮಾಟುಂಗಾದ ಕನ್ನಡ ಸಂಘವಾದ ಮೈಸೂರು ಅಸೋಸಿಯೇಷನ್‌ನಲ್ಲೇ ಆಗಬೇಕೆಂದು ನಾನು ಹಟ ಹಿಡಿದಿದ್ದೇನೆ. ಈ ಕವಿತೆಗಳನ್ನು ಕೇಳಿ ತಿದ್ದಿದವರೆಲ್ಲ ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹತ್ತಿ ಬರುವವರು. ಅವರಿಲ್ಲದ ಬಿಡುಗಡೆ ನನಗೆ ಬೇಡ. ಸದ್ಯ ಕರಡು ತಿದ್ದುತ್ತಿದ್ದೇನೆ. ಒತ್ತಕ್ಷರದ ತಪ್ಪುಗಳನ್ನು ಹಿಡಿಯಬಲ್ಲವರು ಬಿಡುವಿದ್ದರೆ ದಯವಿಟ್ಟು ತಿಳಿಸಿ.