ಅಡ್ವಾನ್ಸ್ ಕಟ್ಟಬೇಡ ಮಗಳೇ, ಮೊದಲು ಕಾಲೇಜು ಯಾರದ್ದು ಅಂತ ನೋಡು

ಮಗಳೇ, ಬೆಳಿಗ್ಗೆಯೇ ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. ಇಷ್ಟೆಲ್ಲ ಟೈಪ್ ಮಾಡೋಕೆ ನನ್ನ ಕಣ್ಣಿಗೆ ಆಗಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡ. ಪುಟ್ಟನಿಗೆ ಜರ್ಮನಿಯಲ್ಲಿ ಎಂಎಸ್‌ಗೆ ಫ್ರೀ ಸೀಟ್ ಕೊಡಿಸ್ತೀವಿ, ಈ ವಾರದೊಳಗೆ ಅಡ್ವಾನ್ಸ್ ಕಟ್ಟಿ ಅಂತ ಏಜೆಂಟ್ ಹೇಳ್ತಿದ್ದಾನೆ, ಕಟ್ಟಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ. ಆ ಕಾಲೇಜು ಸರ್ಕಾರದ್ದೋ ಖಾಸಗಿಯದ್ದೋ ಅಂತ ನೀನೇ ಕಣ್ಣಾರೆ ನೋಡುವ ತನಕ ಒಂದು ಪೈಸೆಯನ್ನೂ ಕೊಡಬೇಡ.

ಫ್ರೀ ಅನ್ನೋದು ಸುಳ್ಳಲ್ಲ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಹೊರದೇಶದ ಮಕ್ಕಳಿಗೂ ಬೋಧನಾ ಶುಲ್ಕ ಇಲ್ಲ. ಆರು ತಿಂಗಳಿಗೊಮ್ಮೆ ಸೆಮಿಸ್ಟರ್ ವಂತಿಗೆ ಅಂತ ಒಂದಿಷ್ಟು ಕಟ್ಟಬೇಕು. ಊರಿಂದ ಊರಿಗೆ ವ್ಯತ್ಯಾಸ ಇದೆ, ಸಾಮಾನ್ಯವಾಗಿ 100ರಿಂದ 350 ಯೂರೋ. ಎಷ್ಟೋ ಕಡೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತೆ. ಇದೆಲ್ಲ ನಿಮಗೂ ಗೊತ್ತು. ಆದರೆ ಅದೇ ದೇಶದಲ್ಲಿ ಖಾಸಗಿ ಕಾಲೇಜುಗಳೂ ಇವೆ, ಅಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಯೂರೋ ಫೀಸು. ಏಜೆಂಟ್ ಬಾಯಲ್ಲಿ ಎರಡೂ ಬರೀ 'ಜರ್ಮನಿ' ಆಗಿಬಿಡುತ್ತೆ.

ನಮ್ಮ ಚಿಕ್ಕ ಮಗನ ಕಥೆ ನಿಮಗೆಲ್ಲ ಅರ್ಧಂಬರ್ಧ ಗೊತ್ತು. ಪೂರ್ತಿ ಇವತ್ತು ಹೇಳ್ತೀನಿ. ಅವನಿಗೂ ಒಬ್ಬ ಏಜೆಂಟ್ ಹೀಗೇ ಹೇಳಿದ್ದ. ಆಫೀಸಿಗೆ ಹೋದರೆ ಗೋಡೆ ತುಂಬ 'ಜರ್ಮನಿಯಲ್ಲಿ ಉಚಿತ ಶಿಕ್ಷಣ' ಅಂತ ಬೋರ್ಡು. ಕೈಗೆ ಕೊಟ್ಟ ಪುಸ್ತಕದಲ್ಲಿ 'ಸರ್ಕಾರದ ಮಾನ್ಯತೆ ಪಡೆದ ಯೂನಿವರ್ಸಿಟಿ' ಅಂತ ಅಚ್ಚಾಗಿತ್ತು. ಮಾನ್ಯತೆ ಇತ್ತು, ನಿಜ. ಖಾಸಗಿ ಕಾಲೇಜಿಗೂ ಅಲ್ಲಿನ ಸರ್ಕಾರ ಮಾನ್ಯತೆ ಕೊಡುತ್ತೆ, ಡಿಗ್ರಿಯೂ ನಡೆಯುತ್ತೆ. ಹಾಗಂತ ಅದನ್ನು ಸರ್ಕಾರ ನಡೆಸ್ತಾ ಇದೆ ಅಂತಲ್ಲ. ಏಜೆಂಟ್ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿ ನಿಮ್ಮ ದೊಡ್ಡಪ್ಪನ ಹತ್ತಿರ ಸಹಿ ಮಾಡಿಸಿಕೊಂಡ. ಅವರು ಎಷ್ಟು ಜಾಗ್ರತೆಯ ಮನುಷ್ಯ ಅಂತ ನಿಮಗೇ ಗೊತ್ತಲ್ಲ, ಅವರನ್ನೇ ನಂಬಿಸಿದ.

ಆಮೇಲೆ ಅಡ್ಮಿಷನ್ ಪತ್ರ ಬಂತು. ಮೊದಲ ಪುಟದಲ್ಲಿ ಅಭಿನಂದನೆ, ದೊಡ್ಡ ಲಾಂಛನ, ಚಂದದ ಸಹಿ. ಮೂರನೇ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ವರ್ಷದ ಫೀಸು, ವೀಸಾಕ್ಕೆ ಮುಂಚೆ ಮೊದಲ ಕಂತು ಕಟ್ಟಬೇಕು ಅಂತ. ಕೇಳಿದ್ದಕ್ಕೆ, ಇದು ಎಲ್ಲರಿಗೂ ಕಳಿಸೋ ಫಾರಂ, ಅಲ್ಲಿ ಹೋದ ಮೇಲೆ ಸರಿಹೋಗುತ್ತೆ ಅಂದ. ಹುಡುಗ ಅಷ್ಟೊತ್ತಿಗೆ ಕೆಲಸ ಬಿಟ್ಟಾಗಿತ್ತು, ಏಜೆಂಟಿಗೆ ಕೊಟ್ಟ ದುಡ್ಡೂ ವಾಪಸ್ ಬರೋ ಹಾಗಿರಲಿಲ್ಲ. ಕಟ್ಟಿದ್ವಿ. ಅಲ್ಲಿಗೆ ಹೋದ ಮೇಲೆ ಅವನ ರೂಮಿನ ಹುಡುಗ, ಅದೇ ಊರಿನ ಸರ್ಕಾರಿ ಯೂನಿವರ್ಸಿಟಿಯವನು, ಸೆಮಿಸ್ಟರ್ ವಂತಿಗೆ ಕಟ್ಟಿದ ರಸೀದಿ ತೋರಿಸಿದನಂತೆ. ಆ ರಾತ್ರಿ ಫೋನ್ ಮಾಡಿ ಇವನು ಏನೂ ಮಾತಾಡಲಿಲ್ಲ. ಸುಮ್ನೆ, ಅಮ್ಮಾ ಅಮ್ಮಾ ಅಂತಷ್ಟೇ ಅಂದ.

ಏಜೆಂಟಿಗೆ ಇದರಲ್ಲೇನು ಲಾಭ ಅಂತೀಯಾ? ಖಾಸಗಿ ಕಾಲೇಜಿನವರು ಹುಡುಗರನ್ನು ತಂದುಕೊಟ್ಟವರಿಗೆ ಕಮಿಷನ್ ಕೊಡ್ತಾರೆ. ಸರ್ಕಾರಿ ಯೂನಿವರ್ಸಿಟಿಗೆ ಆ ಅಗತ್ಯವೇ ಇಲ್ಲ, ಅರ್ಜಿಗಳು ತಾವಾಗಿಯೇ ಬಂದು ಬೀಳುತ್ತವೆ. ಹಾಗಾಗಿ ಯಾವ ಕಾಲೇಜಿನ ಹೆಸರು ಮೊದಲು ಬರುತ್ತೆ ಅಂತ ನೀನೇ ಯೋಚನೆ ಮಾಡು. ಇನ್ನೊಂದು ಸಲ ಹೇಳ್ತೀನಿ ಮಗಳೇ, ಸರ್ಕಾರದ್ದೋ ಖಾಸಗಿಯದ್ದೋ ಅಂತ ನೋಡದೆ ದುಡ್ಡು ಬಿಚ್ಚಬೇಡ. ಈ ವಾರವೇ ಕಟ್ಟಬೇಕು ಅಂತ ಅವಸರ ಮಾಡ್ತಿದ್ದಾನಲ್ಲ, ನನಗೆ ಭಯ ಆಗಿದ್ದೇ ಅದಕ್ಕೆ.

ಚಿಕ್ಕವನು ಕೈಕಟ್ಟಿ ಕೂರಲಿಲ್ಲ. ಆ ವರ್ಷ ಪೂರ್ತಿ ಜರ್ಮನ್ ಭಾಷೆ ಕಲಿತ, ತಾನೇ ಅರ್ಜಿ ಹಾಕಿದ, ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ತಗೊಂಡ. ಕೋರ್ಸ್ ಬದಲಾಯಿಸೋಕೆ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಮತ್ತೆ ಅನುಮತಿ ಕೇಳಬೇಕು, ಖರ್ಚಿಗೆ ದುಡ್ಡಿದೆ ಅಂತ ಮತ್ತೆ ತೋರಿಸಬೇಕು. ಆಗ ನಮ್ಮ ಕೈ ಖಾಲಿ. ಇದೇ ಗ್ರೂಪಿನಲ್ಲಿ ನಾನು ಕೇಳಿದ್ದೆ, ಯಾರಾದರೂ ಸ್ವಲ್ಪ ದಿನಕ್ಕೆ ಕೈಗಡ ಕೊಡ್ತೀರಾ ಅಂತ. ಎಲ್ಲರೂ ನೋಡಿದರು, ಯಾರೂ ಉತ್ತರ ಕೊಡಲಿಲ್ಲ. ಇಲ್ಲ ಅಂದಿದ್ದರೂ ನನಗೆ ಬೇಜಾರಿರಲಿಲ್ಲ, ಅವರವರ ಕಷ್ಟ ಅವರವರಿಗೆ. ಆದರೆ ಆಮೇಲೆ ಹುಡುಗ ಫೇಲಾಗಿ ಕಾಲೇಜು ಬಿಟ್ಟ ಅಂತ ಮಾತು ಹಬ್ಬಿಸಿದರಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಅವನು ಒಂದು ವಿಷಯದಲ್ಲೂ ಫೇಲಾಗಿರಲಿಲ್ಲ. ಮೋಸ ಮಾಡಿದವನು ಆರಾಮಾಗಿ ಓಡಾಡಿಕೊಂಡಿದ್ದ, ಕೆಟ್ಟ ಹೆಸರು ಬಂದಿದ್ದು ನನ್ನ ಮಗನಿಗೆ. ಯಾರು ಹೇಳಿದ್ದು ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಡಿಗ್ರಿ ಸಿಕ್ಕ ದಿನ ಅವರೂ ಹೂವಿನ ಚಿತ್ರ ಕಳಿಸಿದ್ದರು. ನಾನು ಉತ್ತರ ಹಾಕಲಿಲ್ಲ.

ಹೋಗಲಿ, ಅದು ಈಗ ಬೇಡ. ಭಾವ ನಿನ್ನೆ ಒಂದು ಫಾರ್ವರ್ಡ್ ಕಳಿಸಿದ್ದಾರಲ್ಲ, ನಾರ್ವೆಯಲ್ಲಿ ಎಲ್ಲರಿಗೂ ಫ್ರೀ ಅಂತ, ಅದು ಹಳೇದು. ಯೂರೋಪಿನ ಹೊರಗಿನವರಿಗೆ ನಾರ್ವೆ 2023ರಿಂದ ಫೀಸು ಹಾಕಿದೆ. ಡೆನ್ಮಾರ್ಕ್ 2006ರಲ್ಲೇ ಹಾಕಿತ್ತು, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ. ಜರ್ಮನಿಯಲ್ಲೂ ಎಲ್ಲ ಕಡೆ ಒಂದೇ ಥರ ಇಲ್ಲ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರೋ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ ಹೊರಗಿನವರಿಗೆ ಸೆಮಿಸ್ಟರಿಗೆ 2,000ದಿಂದ 6,000 ಯೂರೋ ಹಾಕಿದೆ. ಪುಟ್ಟನಿಗೆ ಮ್ಯೂನಿಕ್ ಅಂದರೆ ಆಸೆ ಅಂತ ಕೇಳಿದ್ದೆ, ಅದಕ್ಕೇ ಹೇಳಿದ್ದು.

ಅಯ್ಯೋ, ಮಾಡಬೇಕಾದ್ದೇನು ಅಂತ ಹೇಳೋದೇ ಬಿಟ್ಟೆ ನೋಡು. ಡಿಎಎಡಿ ಅಂತ ಇದೆ, ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ. ಅವರ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳ ಪಟ್ಟಿ ಇದೆ, ಪ್ರತಿ ಕೋರ್ಸಿನ ಎದುರಿಗೂ ಫೀಸು ಎಷ್ಟು ಅಂತ ಬರೆದಿರುತ್ತೆ. ಹೋಖ್‌ಶೂಲ್‌ಕೊಂಪಾಸ್ ಅಂತ ಇನ್ನೊಂದು ವೆಬ್‌ಸೈಟಿದೆ, ಅಲ್ಲಿ ಕಾಲೇಜಿನ ಹೆಸರು ಹಾಕಿದರೆ ಸರ್ಕಾರದ್ದೋ ಖಾಸಗಿಯದ್ದೋ ಅಂತ ಬರುತ್ತೆ. ಎರಡನ್ನೂ ನೋಡೋಕೆ ದುಡ್ಡು ಬೇಡ. ಅರ್ಜಿಯನ್ನು ಪುಟ್ಟ ತಾನೇ ಹಾಕಬಹುದು. ಕೆಲವು ಯೂನಿವರ್ಸಿಟಿಗಳು ನೇರವಾಗಿ ತಗೊಳ್ಳುತ್ತವೆ, ಕೆಲವಕ್ಕೆ ಯೂನಿ-ಅಸಿಸ್ಟ್ ಅಂತ ಹೊರದೇಶದವರ ಅರ್ಜಿ ಪರಿಶೀಲಿಸೋ ಸಂಸ್ಥೆಯ ಮೂಲಕ ಹೋಗಬೇಕು, ಅಲ್ಲಿ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30.

ದುಡ್ಡು ಬೇಕಾಗೋದು ಬ್ಲಾಕ್ಡ್ ಅಕೌಂಟಿಗೆ, ಅಂದರೆ ಅಲ್ಲಿ ಖರ್ಚಿಗೆ ದುಡ್ಡಿದೆ ಅಂತ ವೀಸಾಕ್ಕೆ ತೋರಿಸೋ ಖಾತೆಗೆ. 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಇಟ್ಟು ತೋರಿಸಬೇಕು. ಅದು ಫೀಸಲ್ಲ, ಅವನದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಖರ್ಚಿಗೆ ಅವನ ಕೈಗೇ ಬರುತ್ತೆ. ಅಕೌಂಟು ಅವನ ಹೆಸರಲ್ಲೇ ಇರಬೇಕು, ಏಜೆಂಟಿನ ಮೂಲಕ ಕಳಿಸೋದು ಬೇಡವೇ ಬೇಡ. ಅಲ್ಲಿ ಕೆಲಸ ಮಾಡಿ ದುಡ್ಡು ಹೊಂದಿಸ್ತಾನೆ ಅಂತ ಲೆಕ್ಕ ಹಾಕಬೇಡ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಆದರೆ ಹೋದ ಕೂಡಲೇ ಕೆಲಸ ಸಿಗಲ್ಲ.

ಮೊದಲು ಎಪಿಎಸ್ ಸರ್ಟಿಫಿಕೇಟಿಗೆ ಹಾಕಿಸು, ನಮ್ಮ ಓದಿನ ದಾಖಲೆಗಳು ಅಸಲಿಯೇ ಅಂತ ಪರಿಶೀಲಿಸಿ ಕೊಡೋ ಪತ್ರ ಅದು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಅದಿಲ್ಲದೆ ವೀಸಾ ಇಲ್ಲ, ಬರೋಕೂ ವಾರಗಟ್ಟಲೆ ಬೇಕು. ಅಕ್ಟೋಬರಿನಲ್ಲಿ ಶುರುವಾಗೋ ಸೆಮಿಸ್ಟರಿಗೆ ಜುಲೈ 15 ಕೊನೆ ಅಂತಾರೆ, ಆದರೆ ಎಂಎಸ್‌ಗೆ ಎಷ್ಟೋ ಕಡೆ ಅದಕ್ಕಿಂತ ಮೊದಲೇ ಮುಗಿಯುತ್ತೆ, ಒಂದೊಂದು ಕೋರ್ಸಿನ ತಾರೀಖನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಿ. ಏಜೆಂಟ್ ಹೇಳಿದ ಕಾಲೇಜಿನ ಹೆಸರನ್ನು ಇವತ್ತು ಸಂಜೆಯೊಳಗೆ ನನಗೆ ಕಳಿಸು, ಗ್ರೂಪಿನಲ್ಲಿ ಬೇಡ, ನನ್ನ ನಂಬರಿಗೇ. ರಾತ್ರಿ ಚಿಕ್ಕವನು ಫೋನ್ ಮಾಡ್ತಾನೆ, ಪುಟ್ಟನನ್ನೂ ಲೈನಿಗೆ ಕರೆದು ಮಾತಾಡಿಸ್ತೀನಿ.