ಆರ್ಕಿಟೆಕ್ಚರ್ ವಿಭಾಗದ "ಗುರಿ ಮತ್ತು ಮೌಲ್ಯ" ಎಷ್ಟು ನಿಜ? ಅನುಭವ ಇದ್ದವರು ಹೇಳಿ

ಶಿರಸಿಯಿಂದ, ಒಬ್ಬ ತಾಯಿ: ಮಗಳು ಪಿಯುಸಿ ಮುಗಿಸಿ ನಾಟಾ (ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ) ಬರೆದಿದ್ದಾಳೆ. ಆರ್ಕಿಟೆಕ್ಚರ್ ಪದವಿ ಬಿ.ಆರ್ಕ್‌ಗೆ ಎರಡು ವಿಶ್ವವಿದ್ಯಾಲಯ ನೋಡಿಟ್ಟಿದ್ದೇವೆ. ಎರಡರ ಪುಸ್ತಿಕೆಯಲ್ಲೂ ಗುರಿ, ಮೌಲ್ಯ ಅಂತ ಒಂದು ಪುಟ ಇದೆ. ಪರಿಸರ ಕಾಳಜಿ, ಸಮಾಜದ ಹೊಣೆ, ಪರಂಪರೆಗೆ ಗೌರವ, ಹೀಗೆ ಎರಡೂ ಕಡೆ ಒಂದೇ ಮಾತು. ಯಾರು ನಿಜವಾಗಿ ಹಾಗೆ ನಡೆಯುತ್ತಾರೆ ಅಂತ ತಿಳಿಯುವುದು ಹೇಗೆ?

ಕುಮಟಾದಿಂದ, ಆರ್ಕಿಟೆಕ್ಟ್: ಅಕ್ಕಾ, ಮೊದಲು ಕೋರ್ಸಿಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದೆಯಾ ನೋಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿ ಆಗದವರು ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳುವಂತಿಲ್ಲ. ಮಾನ್ಯತೆ ಇಲ್ಲದಿದ್ದರೆ ಮುಂದಿನ ಮಾತೇ ಬೇಡ.

ಆಮೇಲೆ ಸ್ಟುಡಿಯೋದಲ್ಲಿ, ಅಂದರೆ ಡಿಸೈನ್ ಕಲಿಸುವ ತರಗತಿಯಲ್ಲಿ, ಮಕ್ಕಳಿಗೆ ಕೊಡುವ ಪ್ರಾಜೆಕ್ಟ್‌ಗಳ ಬ್ರೀಫ್ (ಏನು, ಎಲ್ಲಿ, ಯಾರಿಗಾಗಿ ಡಿಸೈನ್ ಮಾಡಬೇಕು ಅಂತ ಬರೆದ ಹಾಳೆ) ತೋರಿಸಿ ಅಂತ ಕೇಳಿ. 5 ವರ್ಷದಲ್ಲಿ ಮಕ್ಕಳ ಹೆಚ್ಚಿನ ಹೊತ್ತು ಕಳೆಯುವುದು ಸ್ಟುಡಿಯೋದಲ್ಲೇ. ವಿಭಾಗ ಯಾವುದಕ್ಕೆ ಬೆಲೆ ಕೊಡುತ್ತದೆ ಅಂತ ಬ್ರೀಫ್ ನೋಡಿದರೆ ಗೊತ್ತಾಗುತ್ತದೆ. ಪ್ರತಿ ಸೆಮಿಸ್ಟರ್ ಮಾಲ್, ರೆಸಾರ್ಟ್, ಐಟಿ ಆಫೀಸು ಅಂತಲೇ ಇದ್ದರೆ ಸಮಾಜದ ಹೊಣೆ ಎಲ್ಲಿ ಬಂತು? ಅಂಗನವಾಡಿ, ಬಸ್ ನಿಲ್ದಾಣ, ಕಡಿಮೆ ಖರ್ಚಿನ ಮನೆ ಇವೆಯಾ? ಸೈಟ್ ನಿಜವಾದ ಜಾಗವಾ? ಕಾರವಾರಕ್ಕೆ ಮೀನು ಮಾರುಕಟ್ಟೆ ಡಿಸೈನ್ ಮಾಡುವ ಹುಡುಗ, ಮೀನು ಮಾರುವ ಹೆಂಗಸರು ಎಷ್ಟು ಹೊತ್ತಿಗೆ ಬರುತ್ತಾರೆ, ಬುಟ್ಟಿ ಎಲ್ಲಿ ಇಳಿಸುತ್ತಾರೆ, ತೊಳೆದ ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡಿ ಬಂದ ಮೇಲೇ ಗೆರೆ ಎಳೆಯಬೇಕು. ಅದಕ್ಕೆ ಸಮಯ ಕೊಡುವ ವಿಭಾಗ ಒಳ್ಳೆಯದು.

ಪರಿಸರದ ವಿಷಯಕ್ಕೆ ಅಲ್ಲಿನ ವಿದ್ಯಾರ್ಥಿಯನ್ನೇ ಕೇಳಿ: "ನಿನ್ನ ಕಟ್ಟಡದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?" ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹೆಂಚಿನ ಇಳಿಜಾರು ಮಾಡು (ಛಾವಣಿ), ಮುಂದಕ್ಕೆ ಚಾಚಿದ ಸೂರು, ಜಗುಲಿ ಎಲ್ಲ ಬಂದಿದ್ದು ಅದಕ್ಕೇ. ಉಪ್ಪು ಗಾಳಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳೂ ತುಕ್ಕು ಹಿಡಿಯುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸೌಮ್ಯ ವಾತಾವರಣದಲ್ಲಿ ಸರಳಿನ ಮೇಲೆ 20 ಮಿ.ಮೀ. ಕವರ್ (ಮುಚ್ಚುವ ಕಾಂಕ್ರೀಟಿನ ದಪ್ಪ) ಇದ್ದರೆ ಸಾಕು, ಕರಾವಳಿಯ ಗಾಳಿಗೆ ತೆರೆದಲ್ಲಿ 45 ಬೇಕು. ಜೂರಿಯಲ್ಲಿ, ಅಂದರೆ ಮಕ್ಕಳ ಡಿಸೈನ್ ನೋಡಿ ತೀರ್ಪು ಕೊಡುವ ಸಭೆಯಲ್ಲಿ, ಇಂಥ ಪ್ರಶ್ನೆ ಕೇಳುತ್ತಾರಾ, ಇಲ್ಲ ಬರೀ ಚಿತ್ರ ಚೆಂದ ಇದೆಯಾ ಅಂತ ನೋಡುತ್ತಾರಾ, ಅದು ಮುಖ್ಯ.

ನಾನು ಓದಿದಲ್ಲಿ ಪರಂಪರೆ ಅಂತ ದೊಡ್ಡದಾಗಿ ಬರೆದಿತ್ತು. ಎರಡನೇ ವರ್ಷ ನಾನು ಬರೆದ ಹೆಂಚಿನ ಮಾಡನ್ನು "ಹಳೇ ಕಾಲದ್ದು" ಅಂತ ತೆಗೆಸಿ, ಗಾಜಿನ ಮುಂಭಾಗ ಹಾಕಿಸಿದರು. ಆ ಬೇಸರ ಇನ್ನೂ ಹೋಗಿಲ್ಲ.

ಸಿದ್ದಾಪುರದಿಂದ, ನಾಲ್ಕನೇ ವರ್ಷದ ವಿದ್ಯಾರ್ಥಿನಿ: ಆಂಟಿ, ನಮ್ಮಲ್ಲಿ ಹಳೇ ಮನೆ, ಗುಡಿಗಳನ್ನು ಟೇಪ್ ಹಿಡಿದು ಅಳೆದು ಡ್ರಾಯಿಂಗ್ ಮಾಡಿಸುತ್ತಾರೆ. ಶಿರಸಿ ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳನ್ನು ಚಿಕ್ಕಂದಿನಿಂದ ನೋಡಿದ್ದೆ. ಸುಣ್ಣದ ಗಾರೆ, ಕೆಮ್ಮಣ್ಣಿನ ಬಣ್ಣ ಅಂತ ಗಮನ ಕೊಟ್ಟು ನೋಡಿದ್ದು ಈ ಕೆಲಸ ಕಲಿತ ಮೇಲೆ. ಪರಂಪರೆ ಅನ್ನುವವರು ಇಂಥದ್ದು ಮಾಡಿಸುತ್ತಾರಾ ಕೇಳಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಜೂರಿಗೆ ಮೊದಲು ರಾತ್ರಿಯಿಡೀ ಎಚ್ಚರ ಇರುವುದನ್ನು ಕೆಲವು ಕಡೆ ಹೆಮ್ಮೆ ಅಂದುಕೊಳ್ಳುತ್ತಾರೆ. ಎಲ್ಲರ ಎದುರು ಮಾಡೆಲ್ ಮುರಿದು ಹಾಕಿದ್ದನ್ನೂ ಕೇಳಿದ್ದೇನೆ. ನಮ್ಮ ಮೇಡಂ ತಪ್ಪು ಎಲ್ಲಿ ಅಂತ ಪೆನ್ಸಿಲ್ ಹಿಡಿದು ತೋರಿಸುತ್ತಾರೆ, ತಿದ್ದಲು ಸಮಯ ಕೊಡುತ್ತಾರೆ. ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದೂ ಮೌಲ್ಯವೇ ಅಲ್ವಾ? ಹಾಸ್ಟೆಲ್ಲಿಗೆ ಹೋಗಿ ಹುಡುಗಿಯರ ಹತ್ತಿರ ಕೇಳಿ. ಪೇಪರ್, ಮಾಡೆಲ್, ಪ್ರಿಂಟಿಗೆ ಎಷ್ಟು ಖರ್ಚಾಗುತ್ತದೆ ಅಂತಲೂ ಅವರೇ ಹೇಳುತ್ತಾರೆ. ಫೀಸಿನ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಅಂಕೋಲಾದಿಂದ, ಮೇಸ್ತ್ರಿ: ತಂಗೀ, ನಾನು ಕಲಿತವನಲ್ಲ, ಚಿರೆಕಲ್ಲು ಕಟ್ಟುವವನು. ಮಕ್ಕಳ ಕೈಯಲ್ಲಿ ಒಂದು ಗೋಡೆಯಾದರೂ ಕಟ್ಟಿಸುತ್ತಾರಾ ಕೇಳು. ಕಲ್ಲಿನ ಭಾರ ಗೊತ್ತಿಲ್ಲದವರು ಬರೆದ ಪ್ಲಾನು ನಮ್ಮ ಕೈಗೆ ಬಂದಾಗ ಕಷ್ಟ. ಗುಡ್ಡದ ಇಳಿಜಾರಿನಲ್ಲಿ ಕಟ್ಟುವುದನ್ನು ಹೇಗೆ ಹೇಳಿಕೊಡುತ್ತಾರೆ ಅಂತಲೂ ಕೇಳು. 2024ರ ಜುಲೈನಲ್ಲಿ ನಮ್ಮ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದವು. ಎಲ್ಲಿ ಕಟ್ಟಬಾರದು ಅಂತ ಹೇಳುವ ಧೈರ್ಯವೂ ಕಲಿತವರಿಗೆ ಬೇಕು.

ಶಿರಸಿಯಿಂದ, ತಾಯಿ: ಎಲ್ಲರಿಗೂ ನಮಸ್ಕಾರ. ಮಗಳೂ ಓದಿದಳು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಗೆ, ಅಂದರೆ ಕಾಲೇಜುಗಳ ಆಯ್ಕೆ ತುಂಬುವುದಕ್ಕೆ ಮೊದಲು ಎರಡೂ ಕಡೆ ಹೋಗುತ್ತೇವೆ. ಕುಮಟಾದ ತಮ್ಮಾ, ಬ್ರೀಫ್ ಹೊರಗಿನವರಿಗೆ ತೋರಿಸುತ್ತಾರಾ?

ಕುಮಟಾದಿಂದ, ಆರ್ಕಿಟೆಕ್ಟ್: ಆಫೀಸಿನಲ್ಲಿ ಹಿಂದೆಮುಂದೆ ನೋಡಬಹುದು. ಸೀದಾ ಸ್ಟುಡಿಯೋಗೆ ಹೋಗಲು ಅನುಮತಿ ಕೇಳಿ. ಮೂರನೇ ವರ್ಷದವರ ಹಾಳೆ ಗೋಡೆ ಮೇಲೆ ಇದ್ದರೆ ಮಗಳು ಅದರ ಮುಂದೆ ನಿಧಾನವಾಗಿ ನಿಂತು ನೋಡಲಿ. ಪ್ರಶ್ನೆಗಳನ್ನು ಅವಳೇ ಕೇಳಲಿ, ಅಕ್ಕಾ.